ಒಂದೇ ಮನೆಯ ಮಕ್ಕಳು: ಒಬ್ಬನಿಗೆ ಭೇದಿ, ಇನ್ನೊಬ್ಬನಿಗೇಕಿಲ್ಲ?

ಒಂದೇ ಮನೆ, ಒಂದೇ ನಲ್ಲಿಯ ನೀರು, ಒಂದೇ ಪಾತ್ರೆಯಲ್ಲಿ ಬೆಂದ ಅನ್ನ. ಆದರೂ ಒಂದು ಮಗುವಿಗೆ ವಾಂತಿ-ಭೇದಿ ಹಿಡಿದು, ಕಣ್ಣು ಗುಳಿಬಿದ್ದು, ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಹಾಕಿಸಬೇಕಾಗುತ್ತದೆ. ಅದರ ಪಕ್ಕದಲ್ಲೇ ಮಲಗಿದ್ದ, ಅದೇ ಲೋಟಕ್ಕೆ ಬಾಯಿಟ್ಟ ಇನ್ನೊಂದು ಮಗು ಏನೂ ಆಗದಂತೆ ಆಡಿಕೊಂಡಿರುತ್ತದೆ. ಇಂಥದ್ದನ್ನು ಕಾಣದ ಮನೆ ಅಪರೂಪ. ಆಗ ಮನೆಯಲ್ಲಿ ಕಾರಣಗಳ ಹುಡುಕಾಟ ಶುರುವಾಗುತ್ತದೆ. ದೃಷ್ಟಿ ತಾಗಿತೆಂದು ಒಬ್ಬರು, ಹಲ್ಲು ಬರುವ ಭೇದಿ ಎಂದು ಇನ್ನೊಬ್ಬರು, ಜಾತ್ರೆಯಲ್ಲಿ ಕೊಡಿಸಿದ ಐಸ್‌ಕ್ಯಾಂಡಿಯ ಪ್ರಭಾವ ಎಂದು ಮತ್ತೊಬ್ಬರು. ಕೊನೆಗೆ ತಪ್ಪು ಬಂದು ನಿಲ್ಲುವುದು ಬಹುತೇಕ ತಾಯಿಯ ತಲೆಯ ಮೇಲೆಯೇ. ಅವಳ ಹಾಲು ಸರಿಯಿಲ್ಲ, ಅವಳ ಕೈ ಶುಚಿಯಿಲ್ಲ ಎಂಬ ಮಾತು ಬಂದೇ ಬರುತ್ತದೆ.

ಇನ್ನೊಂದು ಪ್ರಶ್ನೆ ಲಸಿಕೆಗೆ ಸಂಬಂಧಿಸಿದ್ದು. “ಮೂರು ಸಲವೂ ಹನಿ ಹಾಕಿಸಿದ್ದೆವಲ್ಲ ಡಾಕ್ಟ್ರೇ, ಆದರೂ ಭೇದಿ ಬಂತಲ್ಲ?” ಎಂದು ಕೇಳದ ವಾರವಿಲ್ಲ. ಕೇಳುವವರ ದನಿಯಲ್ಲಿ ಅನುಮಾನವೂ ಇರುತ್ತದೆ. ಹನಿ ಹಳೆಯದಿರಬಹುದೇ, ನರ್ಸಮ್ಮ ಸರಿಯಾಗಿ ಹಾಕಲಿಲ್ಲವೇ, ಅಥವಾ ಲಸಿಕೆಯೇ ದಂಡವೇ?

ಈ ಎರಡೂ ಪ್ರಶ್ನೆಗಳ ಉತ್ತರದ ಒಂದು ಭಾಗ ಮಗುವಿನ ಹುಟ್ಟಿನಲ್ಲೇ ಇದೆ, ತಂದೆ-ತಾಯಿಗಳಿಂದ ಬಂದ ವಂಶವಾಹಿಗಳಲ್ಲಿ. ಒಂದು ಭಾಗ ಎಂದೆನೇ ಹೊರತು ಪೂರ್ತಿ ಉತ್ತರ ಎನ್ನಲಿಲ್ಲ. ಅದನ್ನು ಗಮನದಲ್ಲಿಟ್ಟುಕೊಂಡೇ ಮುಂದೆ ಓದಿ.

ಚಕ್ರದಂಥ ವೈರಸ್

ಎಳೆಯ ಮಕ್ಕಳಲ್ಲಿ ನೀರುಭೇದಿ ಉಂಟುಮಾಡುವ ಕ್ರಿಮಿಗಳು ಹಲವು. ಅವುಗಳಲ್ಲಿ ಎರಡು ವೈರಸ್‌ಗಳು ಮುಖ್ಯವಾದವು. ಮೊದಲನೆಯದು ರೋಟಾವೈರಸ್. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಅವರ ಸಹೋದ್ಯೋಗಿಗಳು ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣಕರುಳಿನ ತುಣುಕುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಇದು ಕಂಡುಬಂತು. ನೋಡಲು ಗಾಡಿಯ ಚಕ್ರದಂತೆ, ನಡುವೆ ಗುಂಬ, ಸುತ್ತ ಅರೆಕಾಲು. ಲ್ಯಾಟಿನ್ ಭಾಷೆಯಲ್ಲಿ ‘ರೋಟಾ’ ಎಂದರೆ ಚಕ್ರ. ಹೀಗಾಗಿ ಆ ಹೆಸರು. ಎರಡನೆಯದು ನೊರೊವೈರಸ್. 1968ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳಿಗೆ, ಉಪಾಧ್ಯಾಯರಿಗೆ ಒಟ್ಟಿಗೇ ವಾಂತಿ ಹಿಡಿಯಿತು. 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಆ ವೈರಸ್ಸನ್ನು ಗುರುತಿಸಿದರು. ಊರಿನ ಹೆಸರೇ ಸವೆದು ಸವೆದು ‘ನೊರೊ’ ಆಯಿತು.

ರೋಟಾವೈರಸ್ ಬಗ್ಗೆ ತಾಯಂದಿರು ತಿಳಿದಿರಬೇಕಾದ ಸಂಗತಿಯೊಂದಿದೆ. ಲಸಿಕೆ ಬರುವ ಮುನ್ನ, ಬಡ ದೇಶವಿರಲಿ ಶ್ರೀಮಂತ ದೇಶವಿರಲಿ, ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿಯೊಂದು ಮಗುವಿಗೂ ಇದು ಒಂದು ಸಲವಾದರೂ ಸೋಂಕುತ್ತಿತ್ತು. ಗಾಜಿನಂತೆ ಹೊಳೆಯುವ ಅಡುಗೆಮನೆಗಳಿರುವ ಸ್ವೀಡನ್ ದೇಶದಲ್ಲೂ ಸೋಂಕುತ್ತಿತ್ತು. ಹಾಗಾಗಿ ರೋಟಾವೈರಸ್ ಭೇದಿ ಬಂದ ಮನೆಯ ಹೆಂಗಸು ಕೊಳಕಿ ಎಂದು ತೀರ್ಮಾನಿಸುವುದು ಅನ್ಯಾಯ. ವ್ಯತ್ಯಾಸವಿದ್ದದ್ದು ಸಾವಿನಲ್ಲಿ. ಸ್ವೀಡನ್ನಿನ ಮಗು ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬರುತ್ತಿತ್ತು. ನಮ್ಮಲ್ಲಿ, ಲಸಿಕೆ ಬರುವ ಮುಂಚಿನ ಅಂದಾಜಿನಂತೆ, ವರ್ಷಕ್ಕೆ ಸುಮಾರು 78 ಸಾವಿರ ಮಕ್ಕಳು ಈ ಒಂದೇ ವೈರಸ್ಸಿನಿಂದ ಸಾಯುತ್ತಿದ್ದರು.

ಆದರೆ ಎಲ್ಲ ಮಕ್ಕಳಿಗೂ ಒಂದೇ ಬಗೆಯಲ್ಲಿ, ಒಂದೇ ತೀವ್ರತೆಯಲ್ಲಿ ಇದು ತಗಲುತ್ತಿರಲಿಲ್ಲ. ಏಕೆ?

ಉತ್ತರಾಣಿಯ ಬೀಜದ ಹಾಗೆ

ಹೊಲದ ಬದುವಿನ ಮೇಲೆ ನಡೆದು ಬಂದವರ ಸೀರೆಯ ಅಂಚಿಗೆ, ಪಂಚೆಗೆ ಉತ್ತರಾಣಿಯ ಬೀಜ ಅಂಟಿಕೊಂಡಿರುವುದನ್ನು ನೀವು ನೋಡಿರುತ್ತೀರಿ. ಹತ್ತಿಯ ಬಟ್ಟೆಯ ನೂಲಿಗೆ ಅದರ ಮುಳ್ಳು ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ದಾರಿಯಲ್ಲಿ ನುಣುಪಾದ ಪ್ಲಾಸ್ಟಿಕ್ ಮಳೆಕೋಟು ತೊಟ್ಟು ನಡೆದವನಿಗೆ ಒಂದು ಬೀಜವೂ ಅಂಟುವುದಿಲ್ಲ. ಕರುಳಿನ ವೈರಸ್‌ಗಳ ಕೆಲಸವೂ ಹೆಚ್ಚುಕಡಿಮೆ ಹೀಗೆಯೇ. ಹೊಟ್ಟೆಗೆ ಹೋದ ಮಾತ್ರಕ್ಕೆ ವೈರಸ್ ರೋಗ ತರಲಾರದು. ಅದು ಮೊದಲು ಕರುಳಿನ ಒಳಪದರದ ಜೀವಕೋಶಕ್ಕೆ ಅಂಟಿಕೊಳ್ಳಬೇಕು, ಒಳಗೆ ನುಗ್ಗಬೇಕು, ಅಲ್ಲಿ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳಬೇಕು. ಅಂಟಿಕೊಳ್ಳಲು ಅದಕ್ಕೊಂದು ನೂಲು ಬೇಕು. ಆ ನೂಲು ಎಲ್ಲರ ಕರುಳಿನಲ್ಲೂ ಇರುವುದಿಲ್ಲ.

ಈ ನೂಲು ಯಾವುದೆಂದರೆ, ಆಶ್ಚರ್ಯವೆನಿಸಬಹುದು, ನಮಗೆಲ್ಲ ಗೊತ್ತಿರುವ ರಕ್ತದ ಗುಂಪಿನ ವಸ್ತು. ಎ, ಬಿ, ಓ ಎಂಬ ಗುಂಪುಗಳನ್ನು ನಿರ್ಧರಿಸುವುದು ಕೆಂಪು ರಕ್ತಕಣದ ಮೇಲಿರುವ ವಿಶಿಷ್ಟ ಸಕ್ಕರೆಯ ಸರಪಣಿಗಳು. ಸಕ್ಕರೆ ಎಂದರೆ ಕಾಫಿಗೆ ಹಾಕುವುದಲ್ಲ, ಅದೇ ಕುಲದ ಬೇರೆ ಬೇರೆ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದು. ಈ ಸರಪಣಿಗಳು ರಕ್ತದಲ್ಲಷ್ಟೇ ಅಲ್ಲ, ಹಲವರ ಎಂಜಲಿನಲ್ಲಿ, ಎದೆಹಾಲಿನಲ್ಲಿ, ಕರುಳಿನ ಲೋಳೆಯಲ್ಲಿ ಕೂಡ ಇರುತ್ತವೆ. ಪತ್ತೇದಾರಿ ಕಾದಂಬರಿ ಓದುವವರಿಗೆ ಇದು ಹೊಸದಲ್ಲ. ಸೇದಿ ಬಿಸುಟ ಸಿಗರೇಟಿನ ತುದಿಯ ಎಂಜಲಿನಿಂದ ಅಪರಾಧಿಯ ರಕ್ತದ ಗುಂಪನ್ನು ಕಂಡುಹಿಡಿಯುವ ಪರೀಕ್ಷೆ ಡಿಎನ್‌ಎ ಕಾಲಕ್ಕೆ ಮುಂಚೆ ಪೊಲೀಸರ ಪ್ರಯೋಗಾಲಯಗಳಲ್ಲಿ ನಡೆಯುತ್ತಿತ್ತು.

ಹಲವರ ಎಂಜಲಿನಲ್ಲಿ ಎಂದೆ, ಎಲ್ಲರದ್ದಲ್ಲ. 1932ರಷ್ಟು ಹಿಂದೆಯೇ ಶಿಫ್ ಮತ್ತು ಸಸಾಕಿ ಎಂಬ ಸಂಶೋಧಕರು ಈ ಭೇದವನ್ನು ಗುರುತಿಸಿದ್ದರು. ಎಂಜಲಿನಲ್ಲಿ ಈ ವಸ್ತು ಸ್ರವಿಸುವವರನ್ನು ವೈದ್ಯರು ‘ಸಿಕ್ರೀಟರ್’ ಎನ್ನುತ್ತಾರೆ. ನಾವು ಇಲ್ಲಿ ಸ್ರಾವಕರು ಎನ್ನೋಣ. ಉಳಿದವರು ಅಸ್ರಾವಕರು. ಇದನ್ನು ನಿರ್ಧರಿಸುವ ವಂಶವಾಹಿಗೆ ಎಫ್‌ಯುಟಿ-2 ಎಂದು ಹೆಸರು. 1995ರಲ್ಲಿ ಅದರ ಪೂರ್ಣ ಪರಿಚಯವಾಯಿತು. ಯುರೋಪಿನಲ್ಲಿ ಐವರಲ್ಲಿ ಒಬ್ಬರು ಅಸ್ರಾವಕರು. ನಮ್ಮ ದೇಶದಲ್ಲಿಯೂ ಪ್ರಮಾಣ ಅದರ ಆಸುಪಾಸಿನಲ್ಲೇ ಇದೆ.

ಇದು ವಂಶದಲ್ಲಿ ಹರಿದುಬರುವ ಬಗೆಯೂ ಸರಳ. ಪ್ರತಿಯೊಬ್ಬರಲ್ಲೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಎರಡರಲ್ಲಿ ಒಂದು ಸರಿಯಾಗಿದ್ದರೂ ಸಾಕು, ವ್ಯಕ್ತಿ ಸ್ರಾವಕ. ಎರಡೂ ಕೆಲಸ ಮಾಡದಿದ್ದರೆ ಮಾತ್ರ ಅಸ್ರಾವಕ. ಹಾಗಾಗಿ ತಂದೆ-ತಾಯಿ ಇಬ್ಬರೂ ಸ್ರಾವಕರಾಗಿದ್ದು, ಇಬ್ಬರಲ್ಲೂ ಕೆಲಸಕ್ಕೆ ಬಾರದ ಒಂದೊಂದು ಪ್ರತಿ ಅಡಗಿದ್ದರೆ, ಅವರಿಗೆ ಹುಟ್ಟುವ ಪ್ರತಿಯೊಂದು ಮಗುವೂ ಅಸ್ರಾವಕವಾಗುವ ಸಂಭವ ನಾಲ್ಕರಲ್ಲಿ ಒಂದು. ಅಕ್ಕ ಸ್ರಾವಕಿ, ತಮ್ಮ ಅಸ್ರಾವಕ. ಒಂದೇ ಚಾಪೆಯ ಮೇಲೆ ಮಲಗುವ ಇಬ್ಬರ ಕರುಳು ಬೇರೆ ಬೇರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. “ನಮ್ಮ ಹುಡುಗನದು ಓ ಪಾಸಿಟಿವ್, ಹಾಗಾದರೆ ಅವನು ಯಾವುದು?” ಎಂದು ಕೇಳಬೇಡಿ. ರಕ್ತದ ಗುಂಪಿನ ಚೀಟಿಯಿಂದ ಇದು ತಿಳಿಯುವುದಿಲ್ಲ. ಎ, ಬಿ, ಓ ಯಾವ ಗುಂಪಿನವರಾದರೂ ಸ್ರಾವಕರಾಗಿರಬಹುದು, ಆಗದೆಯೂ ಇರಬಹುದು.

ಅಂಟಲಾರದ ವೈರಸ್

ಇದೆಲ್ಲ ಬರೀ ಊಹೆಯಲ್ಲ. ಅಮೆರಿಕದಲ್ಲಿ ನಾರ್ವಾಕ್ ವೈರಸ್ಸನ್ನು ಸ್ವಯಂಸೇವಕರಿಗೆ, ಅವರ ಒಪ್ಪಿಗೆಯ ಮೇಲೆ, ಕುಡಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 77 ಜನರಿದ್ದರು. ಅವರಲ್ಲಿದ್ದ ಅಸ್ರಾವಕರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಎಷ್ಟು ಹೆಚ್ಚಿನ ಪ್ರಮಾಣದಲ್ಲಿ ಕುಡಿಸಿದರೂ ಅಷ್ಟೇ.

ರೋಟಾವೈರಸ್ಸಿನ ವಿಷಯ 2012ರ ಸುಮಾರಿಗೆ ಸ್ಪಷ್ಟವಾಯಿತು. ಈ ವೈರಸ್ಸಿನ ಮೈಮೇಲಿನ ಮುಳ್ಳುಗಳಲ್ಲಿ ಹಲವು ಬಗೆ. ಅವಕ್ಕೆ ಪಿ-4, ಪಿ-6, ಪಿ-8 ಎಂದೆಲ್ಲ ಸಂಖ್ಯೆ ಕೊಟ್ಟಿದ್ದಾರೆ. ಪ್ರಪಂಚದಲ್ಲಿ ಅತಿ ಹೆಚ್ಚು ಕಾಣುವುದು ಪಿ-8. ಅದು ಸ್ರಾವಕರ ಕರುಳಿನ ಸಕ್ಕರೆಗೇ ಅಂಟುತ್ತದೆ. ಅಮೆರಿಕದ ಮಕ್ಕಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಲೆಕ್ಕ ನೋಡಿ. ಆರೋಗ್ಯವಂತ ಮಕ್ಕಳಲ್ಲಿ 100ಕ್ಕೆ 23 ಮಂದಿ ಅಸ್ರಾವಕರು. ರೋಟಾವೈರಸ್ ಭೇದಿಯಾಗಿ ಬಂದ 189 ಮಕ್ಕಳಲ್ಲಿ ಅಸ್ರಾವಕ ಮಗು ಒಂದೇ ಒಂದು! ಲೆಕ್ಕದ ಪ್ರಕಾರ ನಲವತ್ತಾದರೂ ಇರಬೇಕಿತ್ತು.

ಪ್ರಸಂಗವಶಾತ್ ಇನ್ನೊಂದು ವಿಷಯ. 1952ರಲ್ಲಿ ಮುಂಬೈಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಪತ್ತೆಮಾಡಿದ ‘ಬಾಂಬೆ ರಕ್ತದ ಗುಂಪು’ ನೀವು ಕೇಳಿರಬಹುದು. ರಕ್ತ ಬೇಕಾದಾಗ ರಾಜ್ಯರಾಜ್ಯಗಳಲ್ಲಿ ಹುಡುಕಾಡಬೇಕಾದ ಅಪರೂಪದ ಗುಂಪು ಅದು. ಅವರ ರಕ್ತಕಣದ ಮೇಲೂ ಈ ಮೂಲ ಸಕ್ಕರೆಯಿಲ್ಲ, ಎಂಜಲಿನಲ್ಲೂ ಇಲ್ಲ. ಅಂಥ ಭಾರತೀಯರಲ್ಲಿ ಎಫ್‌ಯುಟಿ-2 ವಂಶವಾಹಿ ಪೂರ್ತಿ ಕಳಚಿಹೋಗಿರುವುದು ಸಾಮಾನ್ಯ. ರಕ್ತದ ವಿಷಯದಲ್ಲಿ ಬಡವರಾದ ಇವರು ಈ ಕರುಳಿನ ವೈರಸ್‌ಗಳಿಗೂ ನೂಲು ಕೊಡದವರು!

ಹಾಗಾದರೆ ಅಸ್ರಾವಕರಾಗಿ ಹುಟ್ಟುವುದೇ ಭಾಗ್ಯವೇ? ಪ್ರಕೃತಿ ಅಷ್ಟು ಸುಲಭವಾಗಿ ಭಾಗ್ಯ ಹಂಚುವುದಿಲ್ಲ. ಅಸ್ರಾವಕ ಹೆಂಗಸರಲ್ಲಿ ಪದೇ ಪದೇ ಮೂತ್ರದ ಸೋಂಕು ಹೆಚ್ಚು. ಕ್ರೋನ್ಸ್ ಎಂಬ ಕರುಳಿನ ದೀರ್ಘ ಕಾಯಿಲೆಯ ಸಂಭವವೂ ಇವರಲ್ಲಿ ತುಸು ಹೆಚ್ಚು. ಅಲ್ಲದೆ ವೈರಸ್ಸೂ ಕೈಕಟ್ಟಿ ಕುಳಿತಿಲ್ಲ. ಪಿ-6 ಬಗೆಯ ರೋಟಾವೈರಸ್‌ಗೆ ಬೇರೆ ಸಕ್ಕರೆಯೂ ಆಗುತ್ತದೆ. ‘ಲೂಯಿಸ್’ ಎಂಬ ಇನ್ನೊಂದು ರಕ್ತಗುಂಪಿನ ವಸ್ತು ಇಲ್ಲದವರು ಆಫ್ರಿಕಾದಲ್ಲಿ ಬಹಳ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ಪರೀಕ್ಷಿಸಿದಾಗ ಅಂಥ ಮಕ್ಕಳಿಗೆ ಪಿ-8 ತಗಲದೆ ಪಿ-6 ತಗಲಿತ್ತು. ಆಫ್ರಿಕಾದಲ್ಲಿ ಪಿ-6 ಏಕೆ ಅಷ್ಟು ಕಾಣಸಿಗುತ್ತದೆ, ಯುರೋಪಿನಲ್ಲಿ ಏಕೆ ವಿರಳ ಎಂಬುದಕ್ಕೆ ಇದು ಒಳ್ಳೆಯ ವಿವರಣೆ. ಜನರ ವಂಶವಾಹಿ ಹೇಗೋ ಅಲ್ಲಿನ ವೈರಸ್ ಹಾಗೆ. ನೊರೊವೈರಸ್‌ನಲ್ಲೂ ಅಸ್ರಾವಕರನ್ನು ಹಿಡಿಯಬಲ್ಲ ತಳಿಗಳಿವೆ. ಆದ್ದರಿಂದ ರಕ್ಷಣೆ ಎಂಬುದು ಕೆಲವು ತಳಿಗಳಿಂದ ಮಾತ್ರ, ಎಲ್ಲದರಿಂದಲೂ ಅಲ್ಲ.

ಲಸಿಕೆಗೂ ಬೇಕು ನೂಲು

ಈಗ ಲಸಿಕೆಯ ಪ್ರಶ್ನೆಗೆ ಬರೋಣ. ರೋಟಾವೈರಸ್ ಲಸಿಕೆ ಚುಚ್ಚುಮದ್ದಲ್ಲ, ಬಾಯಿಗೆ ಹಾಕುವ ಹನಿ. ಅದರಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಸ್. ಅದು ಕರುಳಿಗೆ ಅಂಟಿ, ಸ್ವಲ್ಪಮಟ್ಟಿಗೆ ಬೆಳೆದು, ದೇಹಕ್ಕೆ ತನ್ನ ಪರಿಚಯ ಮಾಡಿಕೊಟ್ಟರೆ ಮಾತ್ರ ರೋಗನಿರೋಧಕ ಶಕ್ತಿ ಹುಟ್ಟುತ್ತದೆ. ಅಂದರೆ ರೋಗದ ವೈರಸ್‌ಗೆ ಬೇಕಾದ ನೂಲು ಲಸಿಕೆಯ ವೈರಸ್‌ಗೂ ಬೇಕು. ನೂಲಿಲ್ಲದ ಮಗುವಿನಲ್ಲಿ ಲಸಿಕೆ ಜಾರಿಕೊಂಡು ಹೋಗಬಹುದಲ್ಲವೇ?

ವಿದೇಶದಲ್ಲಿ ತಯಾರಾದ ರೋಟಾರಿಕ್ಸ್ ಲಸಿಕೆಯಲ್ಲಿರುವುದು ಪಿ-8 ಬಗೆಯ ವೈರಸ್. ಯುರೋಪಿನ ಮಕ್ಕಳಲ್ಲಿ ಅದು ತೀವ್ರ ರೋಟಾವೈರಸ್ ಭೇದಿಯನ್ನು 100ಕ್ಕೆ 90ಕ್ಕೂ ಮೀರಿ ತಡೆಯಿತು. ಅದೇ ಹನಿ ಆಫ್ರಿಕಾದ ಮಲಾವಿಯಲ್ಲಿ ತಡೆದದ್ದು 100ಕ್ಕೆ 49ರಷ್ಟು ಮಾತ್ರ. ಔಷಧ ಅದೇ, ಪ್ರಮಾಣ ಅದೇ, ಫಲ ಬೇರೆ. ವಂಶವಾಹಿಯೇ ಕಾರಣವಿರಬೇಕೆಂದು ಸಂಶೋಧಕರು ಹಿಂದೆಬಿದ್ದರು. 2017ರಲ್ಲಿ ಪ್ರಕಟವಾದ ಪಾಕಿಸ್ತಾನದ ಅಧ್ಯಯನದಲ್ಲಿ ಅಸ್ರಾವಕ ಮಕ್ಕಳ ರಕ್ತದಲ್ಲಿ ಲಸಿಕೆಯ ನಂತರ ಪ್ರತಿಕಾಯ ಹುಟ್ಟಿದ್ದು ಕಡಿಮೆಯೇ. ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಸರಳ. ಆದರೆ ಮರುವರ್ಷ ಮಲಾವಿಯಿಂದ ತಿರುಗುಮುರುಗಾದ ಸುದ್ದಿ ಬಂತು. ಅಲ್ಲಿ ಲಸಿಕೆ ಹಾಕಿಸಿಕೊಂಡೂ ರೋಟಾವೈರಸ್ ಭೇದಿಗೆ ತುತ್ತಾದ ಮಕ್ಕಳಲ್ಲಿ ಅಸ್ರಾವಕರು ಹೆಚ್ಚಿರಲಿಲ್ಲ, ಕಡಿಮೆಯಿದ್ದರು!

ಇದರಲ್ಲಿ ವಿರೋಧವೇನಿಲ್ಲ. ಲಸಿಕೆ ಅಂಟದ ಕರುಳಿಗೆ ಅದೇ ಬಗೆಯ ರೋಗವೂ ಅಂಟುವುದಿಲ್ಲ, ಅಷ್ಟೇ. ಆ ಮಗುವಿಗೆ ರಕ್ಷಣೆ ಕೊಟ್ಟದ್ದು ಹನಿಯಲ್ಲ, ಹುಟ್ಟು.

ಬಾಂಗ್ಲಾದೇಶದ ಅಧ್ಯಯನವೊಂದು ಇದೇ ವಿಷಯವನ್ನು ಇನ್ನೊಂದು ದಿಕ್ಕಿನಿಂದ ತೋರಿಸಿತು. ಅಲ್ಲಿ ಲಸಿಕೆಯ ಶೇಕಡಾವಾರು ಸಾಮರ್ಥ್ಯ ಸ್ರಾವಕರಲ್ಲಿ ಹೆಚ್ಚು, ಅಸ್ರಾವಕರಲ್ಲಿ ಕಡಿಮೆ ಬಂತು. ಅದರ ಅರ್ಥ ತಿಳಿಯಲು ಒಂದು ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಲಸಿಕೆ ಹಾಕಿಸದ 100 ಸ್ರಾವಕ ಮಕ್ಕಳಲ್ಲಿ 20 ಮಂದಿಗೆ ರೋಗ ಬರುತ್ತದೆ, ಲಸಿಕೆ ಹಾಕಿಸಿದ 100ರಲ್ಲಿ 8 ಮಂದಿಗೆ ಎನ್ನಿ. ಲಸಿಕೆಯ ಸಾಮರ್ಥ್ಯ 60. ಅಸ್ರಾವಕರಲ್ಲಿ ಲಸಿಕೆಯಿಲ್ಲದೆಯೇ ಬರುವುದು 5 ಮಂದಿಗೆ, ಲಸಿಕೆ ಹಾಕಿದರೆ 4 ಮಂದಿಗೆ. ಸಾಮರ್ಥ್ಯ ಬರೀ 20. ಈ 20ನ್ನು ಮಾತ್ರ ನೋಡಿದವರು ಲಸಿಕೆ ಸೋತಿತು ಎನ್ನುತ್ತಾರೆ. ಆದರೆ ಆ ಮಕ್ಕಳಲ್ಲಿ ಗೆಲ್ಲಲು ಇದ್ದದ್ದೇ ಸ್ವಲ್ಪ. ಲಸಿಕೆ ಹಾಕಿದ ಮೇಲೂ ಸ್ರಾವಕರಿಗಿಂತ ಅವರಲ್ಲೇ ರೋಗ ಕಡಿಮೆ. ಪತ್ರಿಕೆಗಳಲ್ಲಿ ಶೇಕಡಾ ಅಂಕಿ ಕಂಡಾಗಲೆಲ್ಲ ‘ಯಾವುದರ ಶೇಕಡಾ?’ ಎಂದು ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದು. ನಾವು ವೈದ್ಯರಿಗೂ ಒಳ್ಳೆಯದು.

ಬೆಂಗಳೂರಿನ ಕೂಸು, ದಿಲ್ಲಿಯ ಕೂಸು

ನಮ್ಮ ದೇಶದ ಲಸಿಕೆಯ ಕಥೆ ಇಲ್ಲಿ ಬಹಳ ಸ್ವಾರಸ್ಯದ್ದು. 1980ರ ದಶಕದಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಎಂ. ಕೆ. ಭಾನ್ ಮತ್ತು ಸಂಗಡಿಗರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ಗಮನಿಸಿದರು. ಹೆರಿಗೆ ವಾರ್ಡುಗಳ ನವಜಾತ ಶಿಶುಗಳ ಮಲದಲ್ಲಿ ರೋಟಾವೈರಸ್ ಇತ್ತು, ಆದರೆ ಶಿಶುಗಳಿಗೆ ಭೇದಿ ಇರಲಿಲ್ಲ! ದಿಲ್ಲಿಯ ತಳಿಗೆ 116-ಇ ಎಂದೂ ಬೆಂಗಳೂರಿನದಕ್ಕೆ ಐ-321 ಎಂದೂ ಹೆಸರಾಯಿತು. ಪರೀಕ್ಷಿಸಿ ನೋಡಿದರೆ ಇವೆರಡರಲ್ಲೂ ದನದ ರೋಟಾವೈರಸ್ಸಿನ ಅಂಶ ಬೆರೆತಿತ್ತು. ಬೆಂಗಳೂರಿನದಂತೂ ಬಹುಪಾಲು ದನದ್ದೇ, 11 ವಂಶವಾಹಿ ತುಣುಕುಗಳಲ್ಲಿ ಎರಡು ಮಾತ್ರ ಮನುಷ್ಯರ ವೈರಸ್ಸಿನವು. ಕೊಟ್ಟಿಗೆ ಮತ್ತು ಮನೆ ಒಂದೇ ಅಂಗಳದಲ್ಲಿರುವ ನಮ್ಮ ದೇಶದಲ್ಲಿ ಇಂಥ ಬೆರಕೆ ಆಗಿದ್ದು ಅಚ್ಚರಿಯಲ್ಲ. ಇಂಥ ಸಾಧು ವೈರಸ್ ಹುಟ್ಟಿದೊಡನೆ ಸೋಂಕಿದ ಮಕ್ಕಳಿಗೆ ಮುಂದೆ ತೀವ್ರ ಭೇದಿ ಕಡಿಮೆಯೆಂದು ದಿಲ್ಲಿಯಲ್ಲಿ ಕಂಡುಬಂತು. ಅಂದರೆ ಪ್ರಕೃತಿಯೇ ಲಸಿಕೆ ಹಾಕಿತ್ತು.

ಎರಡೂ ತಳಿಗಳನ್ನು ಶಿಶುಗಳಿಗೆ ಕೊಟ್ಟು ಪರೀಕ್ಷಿಸಿದಾಗ ದಿಲ್ಲಿಯದು ಹೆಚ್ಚು ಪ್ರತಿಕಾಯ ಹುಟ್ಟಿಸಿತು. ಹಾಗಾಗಿ ಬೆಂಗಳೂರಿನದು ಹಿಂದೆ ಉಳಿಯಿತು. 116-ಇ ತಳಿಯಿಂದ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ್ದೇ ರೋಟಾವ್ಯಾಕ್. 2015ರಲ್ಲಿ ಅದು ಬಿಡುಗಡೆಯಾಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರದ ಉಚಿತ ಲಸಿಕೆ ಕಾರ್ಯಕ್ರಮಕ್ಕೆ ರೋಟಾವೈರಸ್ ಹನಿ ಸೇರಿ, 2019ರ ಹೊತ್ತಿಗೆ ಕರ್ನಾಟಕವೂ ಸೇರಿದಂತೆ ದೇಶಕ್ಕೆಲ್ಲ ವಿಸ್ತರಿಸಿತು. ಪುಣೆಯ ಸೀರಮ್ ಇನ್ಸ್‌ಟಿಟ್ಯೂಟ್ ತಯಾರಿಸುವ ರೋಟಾಸಿಲ್ ಎಂಬ ಇನ್ನೊಂದು ಲಸಿಕೆಯೂ ಇದೇ ಕಾರ್ಯಕ್ರಮದಲ್ಲಿದೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು 116-ಇ ತಳಿಯ ಮುಳ್ಳು. ಅದು ಪಿ-8 ಅಲ್ಲ, ಪಿ-11. ಅದು ಅಂಟುವುದು ಸ್ರಾವಕರ ಸಕ್ಕರೆಗಲ್ಲ, ಅದಕ್ಕೂ ಹಿಂದಿನ ಹಂತದ, ಇನ್ನೂ ಪೂರ್ತಿಯಾಗದ ಸರಪಣಿಗೆ. ಅಂಥ ಸರಪಣಿ ಎಳೆಗೂಸಿನ ಕರುಳಿನಲ್ಲಿ ಹೇರಳ, ಬೆಳೆದಂತೆ ಕಡಿಮೆಯಾಗುತ್ತದೆ. ಇದು ನವಜಾತ ಶಿಶುಗಳನ್ನೇ ಏಕೆ ಹುಡುಕಿಕೊಂಡು ಹೋಗುತ್ತಿತ್ತು ಎಂಬುದು ಈಗ ಅರ್ಥವಾಯಿತಲ್ಲ? ಮಗು ಸ್ರಾವಕವೋ ಅಸ್ರಾವಕವೋ ಎಂಬ ಭೇದ ಈ ಹಿಡಿತಕ್ಕೆ ಅಡ್ಡಬರುವಂಥದ್ದಲ್ಲ.

ಹಾಗಾದರೆ ರೋಟಾವ್ಯಾಕ್ ನಮ್ಮಲ್ಲಿ 100ಕ್ಕೆ 90 ಕೆಲಸ ಮಾಡಬೇಕಿತ್ತು. ಮಾಡಲಿಲ್ಲ. ದಿಲ್ಲಿ, ಪುಣೆ ಮತ್ತು ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಮೊದಲ ವರ್ಷ ತೀವ್ರ ಭೇದಿಯಿಂದ ರಕ್ಷಣೆ ಸಿಕ್ಕಿದ್ದು 100ಕ್ಕೆ ಸುಮಾರು 56. ವಂಶವಾಹಿಯೊಂದೇ ಕಾರಣವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಉಳಿದ ಕಾರಣಗಳೇನು? ನಮ್ಮ ತಾಯಂದಿರ ರಕ್ತದಲ್ಲಿ ರೋಟಾವೈರಸ್ ವಿರುದ್ಧದ ಪ್ರತಿಕಾಯ ಹೆಚ್ಚು. ಅದು ಗರ್ಭದಲ್ಲೇ ಮಗುವಿಗೆ ಹರಿದುಬಂದು, ಮೊದಲ ತಿಂಗಳುಗಳಲ್ಲಿ ಲಸಿಕೆಯ ವೈರಸ್ಸನ್ನೂ ಶತ್ರುವೆಂದೇ ಭಾವಿಸಿ ಮಟ್ಟಹಾಕುತ್ತದೆ. ವೆಲ್ಲೂರು, ಮಲಾವಿ ಮತ್ತು ಬ್ರಿಟನ್ನಿನ ಶಿಶುಗಳನ್ನು ಹೋಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಎತ್ತಿ ತೋರಿಸಿದೆ. ಜೊತೆಗೆ ಅದೇ ದಿನ ಹಾಕುವ ಪೋಲಿಯೋ ಹನಿಯ ಪೈಪೋಟಿ, ಬೇರೆ ಕ್ರಿಮಿಗಳಿಂದ ಆಗಲೇ ಬಳಲಿರುವ ಕರುಳು, ಅಪೌಷ್ಟಿಕತೆ. ಇದು ಹೊಸ ಗೋಳೂ ಅಲ್ಲ. ಪೋಲಿಯೋ ಹನಿ ನಮ್ಮ ಮಕ್ಕಳಲ್ಲಿ ಪಶ್ಚಿಮದಷ್ಟು ಫಲ ಕೊಡುತ್ತಿಲ್ಲ ಎಂದು ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ತೋರಿಸಿದ್ದರು.

ಅರ್ಧ ಫಲದ ಲಸಿಕೆ ಏಕೆ ಬೇಕು ಎನ್ನುವವರಿಗೆ ಆಫ್ರಿಕಾದ ಒಂದು ಲೆಕ್ಕ ಕೊಡುತ್ತೇನೆ. 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಲಸಿಕೆಯ ಸಾಮರ್ಥ್ಯ ದಕ್ಷಿಣ ಆಫ್ರಿಕಾದಲ್ಲಿ ಸುಮಾರು 77, ಮಲಾವಿಯಲ್ಲಿ ಆಗಲೇ ಹೇಳಿದಂತೆ 49. ಆದರೆ ಲಸಿಕೆ ಹಾಕಿದ ಪ್ರತಿ 100 ಶಿಶುಗಳಲ್ಲಿ ವರ್ಷಕ್ಕೆ ತಪ್ಪಿದ ತೀವ್ರ ಭೇದಿಯ ಪ್ರಕರಣಗಳು ದಕ್ಷಿಣ ಆಫ್ರಿಕಾದಲ್ಲಿ 4.2, ಮಲಾವಿಯಲ್ಲಿ 6.7. ಏಕೆಂದರೆ ಮಲಾವಿಯಲ್ಲಿ ರೋಗವೇ ಅಷ್ಟು ಹೆಚ್ಚು. ಸೋರುವ ಮನೆಯಲ್ಲಿ ಅರ್ಧ ಹೆಂಚು ಹೊದಿಸಿದರೂ ಒಳಗೆ ಬೀಳುವ ನೀರು ಎಷ್ಟೋ ಕೊಡ ಕಡಿಮೆಯಾಗುತ್ತದೆ.

ತಾಯಿಯ ಹಾಲಿನ ಮೇಲಿನ ಅಪವಾದ

ನನ್ನ ಚಿಕಿತ್ಸಾಲಯಕ್ಕೆ ಬಂದ ಒಬ್ಬ ಅತ್ತೆ ಸೊಸೆಯ ಎದುರಿಗೇ, “ಇವಳ ಹಾಲು ನೀರಿನ ಹಾಗೆ ತೆಳ್ಳಗಿದೆ ಡಾಕ್ಟ್ರೇ, ಅದಕ್ಕೇ ಕೂಸಿಗೆ ಭೇದಿ. ಡಬ್ಬಿ ಹಾಲು ಬರೆದುಕೊಡಿ” ಎಂದರು. ಸೊಸೆ ತಲೆಯೆತ್ತಲಿಲ್ಲ. ಇಂಥ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಆದರೆ ಅಂದು ಸಿಟ್ಟು ತೋರಿಸದೆ, “ಅಮ್ಮಾ, ಡಬ್ಬಿ ಹಾಲಿಗೆ ಹಾಕಿದರೆ ಕೂಸು ಇನ್ನಷ್ಟು ಸೊರಗುತ್ತದೆ. ಇವಳು ಹಾಲು ಕೊಟ್ಟದ್ದರಿಂದಲೇ ಅದು ಇಷ್ಟರಮಟ್ಟಿಗೆ ಗಟ್ಟಿಯಾಗಿದೆ” ಎಂದೆ. ಅದು ಸಮಾಧಾನದ ಮಾತಲ್ಲ, ನಿಜ.

ಎದೆಹಾಲಿನಲ್ಲಿ ಮಗುವಿಗೆ ಜೀರ್ಣವಾಗದ ಸಕ್ಕರೆ ಸರಪಣಿಗಳು ಬೇಕಾದಷ್ಟಿವೆ. ಮಗುವಿಗೆ ಆಹಾರವಾಗದ ವಸ್ತು ಹಾಲಿನಲ್ಲೇಕೆ? ಅವುಗಳಲ್ಲಿ ಕೆಲವು ಕರುಳಿನ ಮೇಲಿರುವ ನೂಲನ್ನೇ ಹೋಲುತ್ತವೆ. ವೈರಸ್ ಮೋಸಹೋಗಿ ಹಾಲಿನ ಸಕ್ಕರೆಗೆ ಅಂಟಿಕೊಂಡು ಮಲದೊಡನೆ ಹೊರಬೀಳುತ್ತದೆ. ಉತ್ತರಾಣಿಯ ಬೀಜವೆಲ್ಲ ಮುಂದೆ ನಡೆದವರ ಪಂಚೆಗೇ ಅಂಟಿಹೋದಂತೆ. ಯಾವ ಸಕ್ಕರೆ ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದರಲ್ಲಿ ತಾಯಿಯ ಎಫ್‌ಯುಟಿ-2 ವಂಶವಾಹಿಯ ಪಾತ್ರವಿದೆ. ಮೆಕ್ಸಿಕೋದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಲಿನಲ್ಲಿ ಇಂಥ ಕೆಲವು ಸಕ್ಕರೆಗಳು ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಕೆಲವು ಬಗೆಯ ಭೇದಿ ಕಡಿಮೆಯಿತ್ತು. ಇದನ್ನು ಓದಿ ಯಾರೂ ಸೊಸೆಯ ಹಾಲನ್ನು ಪರೀಕ್ಷೆಗೆ ಕಳಿಸುವ ಯೋಚನೆ ಮಾಡಬೇಡಿ. ಅಸ್ರಾವಕ ತಾಯಿಯ ಹಾಲಿನಲ್ಲೂ ಬೇರೆ ಸಕ್ಕರೆಗಳಿವೆ, ಪ್ರತಿಕಾಯಗಳಿವೆ. ಯಾವ ತಾಯಿಯ ಹಾಲಾದರೂ ಡಬ್ಬಿ ಹಾಲಿಗಿಂತ ಮೇಲು. ತೆಳ್ಳಗೆ ಕಾಣುವುದು ಎದೆಹಾಲಿನ ಸ್ವಭಾವ.

ಎದೆಹಾಲು ಲಸಿಕೆಗೂ ಅಡ್ಡಬಂದೀತೆಂದು, ಹನಿ ಹಾಕುವ ಮುಂಚೆ ಹಾಲು ಕೊಡದೆ ನೋಡಿದ ಪರೀಕ್ಷೆಗಳು ಭಾರತ, ಪಾಕಿಸ್ತಾನ, ದಕ್ಷಿಣ ಆಫ್ರಿಕಾಗಳಲ್ಲಿ ನಡೆದಿವೆ. ಯಾವ ಪ್ರಯೋಜನವೂ ಕಾಣಲಿಲ್ಲ. ಆದ್ದರಿಂದ ಹನಿಗೆ ಮುಂಚೆ, ಹನಿಯ ನಂತರ, ಮಗು ಕೇಳಿದಾಗ ಹಾಲು ಕೊಡಿ.

ನಿಮ್ಮ ಮಗುವಿಗೆ ಏನು ಮಾಡಬೇಕು?

ಮಗು ಸ್ರಾವಕವೇ ಅಲ್ಲವೇ ಎಂದು ಪರೀಕ್ಷೆ ಮಾಡಿಸಬೇಕೇ ಎಂದು ಕೆಲವರು ಕೇಳಬಹುದು. ಬೇಡ. ಫಲಿತಾಂಶ ಏನೇ ಬಂದರೂ ನೀವು ಮಾಡಬೇಕಾದ್ದು ಬದಲಾಗುವುದಿಲ್ಲ. ಒಂದೂವರೆ, ಎರಡೂವರೆ ಮತ್ತು ಮೂರೂವರೆ ತಿಂಗಳಿಗೆ ಉಳಿದ ಲಸಿಕೆಗಳ ಜೊತೆಗೆ ರೋಟಾವೈರಸ್ ಹನಿಯನ್ನೂ ಹಾಕಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಅಂಗನವಾಡಿಯಲ್ಲಿ ಇದು ಉಚಿತ. ತಾಯಿ ಕಾರ್ಡಿನಲ್ಲಿ ಮೂರೂ ಸಲ ಗುರುತು ಹಾಕಿದ್ದಾರೆಯೇ ನೋಡಿಕೊಳ್ಳಿ. ಹನಿ ಹಾಕಿಸಿದ ಮಗುವಿಗೂ ಭೇದಿ ಬರಬಹುದು. ಏಕೆಂದರೆ ಈ ಲಸಿಕೆ ರೋಟಾವೈರಸ್‌ಗೆ ಮಾತ್ರ. ನೊರೊವೈರಸ್‌ಗೆ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ, ಬೇರೆ ಕ್ರಿಮಿಗಳಂತೂ ಇದ್ದೇ ಇವೆ. ಇಂಥ ವೈರಸ್ ಭೇದಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಔಷಧ ಅಂಗಡಿಯಲ್ಲಿ ಭೇದಿ ನಿಲ್ಲಿಸುವ ಮಾತ್ರೆ ಕೇಳಿ ತಂದು ಎಳೆಮಕ್ಕಳಿಗೆ ಕೊಡುವುದು ಅಪಾಯ.

ಹನಿಯ ನಂತರದ ದಿನಗಳಲ್ಲಿ ಮಗು ಬಿಟ್ಟು ಬಿಟ್ಟು ಕಿರುಚಿ ಅತ್ತು, ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು, ಮಲದಲ್ಲಿ ರಕ್ತ-ಲೋಳೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಳ್ಳುವ ಅಪರೂಪದ ತೊಂದರೆ ಇದು. ಅಮೆರಿಕದ ಮೊದಲ ರೋಟಾವೈರಸ್ ಲಸಿಕೆಯನ್ನು 1999ರಲ್ಲಿ ಹಿಂತೆಗೆದುಕೊಂಡದ್ದು ಇದೇ ಕಾರಣಕ್ಕೆ. ರೋಟಾವ್ಯಾಕ್ ಬಂದ ಮೇಲೆ ನಮ್ಮ ದೇಶದಲ್ಲಿ ಇದನ್ನೇ ಗುರಿಯಾಗಿಟ್ಟು ಮಾಡಿದ ಪರಿಶೀಲನೆಯಲ್ಲಿ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲ. ಲಸಿಕೆ ಹಾಕಿಸದ ಮಕ್ಕಳಲ್ಲೂ ಇದು ಆಗುವುದುಂಟು. ಲಕ್ಷಣ ಗೊತ್ತಿದ್ದರೆ ಒಳ್ಳೆಯದು.

ಭೇದಿ ಶುರುವಾದೊಡನೆ ಓಆರ್‌ಎಸ್ ಕೊಡಿ. ದೊಡ್ಡ ಪೊಟ್ಟಣವೊಂದನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಬೇಕು. ಅರ್ಧ ಪೊಟ್ಟಣ, ಕಣ್ಣಳತೆಯ ನೀರು ಸಲ್ಲದು. ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ. ಅಂಗಡಿಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ, ಅದರ ಸಕ್ಕರೆಯಿಂದ ಭೇದಿ ಹೆಚ್ಚುತ್ತದೆ. ಹಾಲು, ಗಂಜಿ, ಮೆತ್ತಗಿನ ಅನ್ನ ನಿಲ್ಲಿಸಬೇಡಿ. ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿನದಕ್ಕೆ 10 ಮಿಲಿಗ್ರಾಂ ಸತುವಿನ ಮಾತ್ರೆಯನ್ನು, ಭೇದಿ ನಿಂತರೂ ಬಿಡದೆ, 14 ದಿನ ಕೊಡಬೇಕು. ಮಗು ಜೋಮುಹಿಡಿದಂತೆ ಮಲಗಿದರೆ, ಕಣ್ಣು ಗುಳಿಬಿದ್ದರೆ, ಆರು ಗಂಟೆ ಮೂತ್ರ ಮಾಡದಿದ್ದರೆ, ಕುಡಿಸಿದ್ದೆಲ್ಲ ವಾಂತಿಯಾಗುತ್ತಿದ್ದರೆ ಮನೆಯಲ್ಲಿ ಕಾಯಬೇಡಿ. ಕಲಸಿದ ಓಆರ್‌ಎಸ್ ಒಂದು ದಿನ ದಾಟಿದರೆ ಚೆಲ್ಲಿ, ಹೊಸದನ್ನು ಕಲಸಿಕೊಳ್ಳಿ.